ಬುಕ್ ಬ್ಯಾಂಕ್ ಬೀರುವಿನ ಕೀ ಯಾರ ಹತ್ರ ಇದೆ?



ಉದ್ದದ ಪೋಸ್ಟ್ ಇದು. ಪುರುಸೊತ್ತಾದಾಗ ಓದಿ, ಆದರೆ ಓದಿ. ಕಾಲೇಜಿನ ಹೆಸರು ಬರೆದಿಲ್ಲ, ಬರೆಯೋದೂ ಇಲ್ಲ. ನಾನೂ ಅಲ್ಲೇ ಗುಮಾಸ್ತ, ಅನ್ನ ಅಲ್ಲಿಂದಲೇ ಬರೋದು. ಗೊತ್ತಿರೋರು ದಯವಿಟ್ಟು ಕಾಮೆಂಟಿನಲ್ಲಿ ಹೆಸರು ಹಾಕಬೇಡಿ. ನನಗಿಂತ ಹೆಚ್ಚಾಗಿ ಆ ಹುಡುಗಿಗೆ ತೊಂದರೆ.

ನನ್ನ ತಪ್ಪಿನಿಂದಲೇ ಶುರು ಮಾಡ್ತೀನಿ. ಹತ್ತು ಹನ್ನೆರಡು ವರ್ಷದ ಹಿಂದೆ ನಮ್ಮ ಕೇರಿಯ ಹುಡುಗಿಯೊಬ್ಬಳು ಬಿಎ ಮುಗಿಸಿ ಬಂದು "ಅಣ್ಣ, ಎಂ.ಲಿಬ್. ಸೇರ್ತೀನಿ" ಅಂದಳು. ನಾನು ನಕ್ಕುಬಿಟ್ಟೆ. "ಪುಸ್ತಕದ ಧೂಳು ಹೊಡೆಯೋಕೆ ಎರಡು ವರ್ಷ ಓದ್ಬೇಕೇನವ್ವ? ಲಾ ಮಾಡು, ಇಲ್ಲ ಕೆಎಎಸ್‌ಗೆ ಕೂತ್ಕೊ. ನಮ್ಮೋರು ಲಾಯರ್ ಆಗ್ಬೇಕು, ತಹಶೀಲ್ದಾರ್ ಆಗ್ಬೇಕು" ಅಂತ ಭಾಷಣ ಬಿಗಿದೆ. ಆಗ ಸಂಘದಲ್ಲಿ ನನಗೆ ಹೊಸದಾಗಿ ತಾಲ್ಲೂಕಿನ ಜವಾಬ್ದಾರಿ ಸಿಕ್ಕಿತ್ತು, ಬಾಯಿ ಕೇಳಬೇಕಾ? ಅವಳು ಎದುರು ಮಾತಾಡಲಿಲ್ಲ. ಹೋಗಿ ಸೇರಿಕೊಂಡಳು. ಮುಗಿಸಿದಳು, ನೆಟ್ ಪಾಸಾದಳು. ಕೊನೆಗೆ ನಾನು ಕೆಲಸ ಮಾಡುವ ಕಾಲೇಜಿಗೇ ಲೈಬ್ರರಿ ಸೈನ್ಸ್ ಅತಿಥಿ ಉಪನ್ಯಾಸಕಿಯಾಗಿ ಬಂದಳು. ಕಾಲೇಜಿನ ಒಳಗೆ ನಾನು ಅವಳಿಗೆ "ಸರ್", ಅವಳು ನನಗೆ "ಮೇಡಂ". ಗೇಟು ದಾಟಿದ ಮೇಲೆ ಅಣ್ಣ, ತಂಗಿ.

ಲೈಬ್ರರಿ ಸೈನ್ಸ್ ಅಂದ್ರೆ ಏನು ಪಾಠ ಇರುತ್ತೆ ಅಂತ ನನಗೆ ನಿಜವಾಗಲೂ ಗೊತ್ತಿರಲಿಲ್ಲ. ಒಂದು ದಿನ ಯಾವುದೋ ಸುತ್ತೋಲೆಗೆ ಸಹಿ ಹಾಕಿಸೋಕೆ ಅವಳ ಕ್ಲಾಸಿಗೆ ಹೋದೆ. ಮೇಜಿನ ಮೇಲೆ ಏಳೆಂಟು ಪುಸ್ತಕ ಇಟ್ಟು, ಒಂದೊಂದಕ್ಕೂ ಡ್ಯೂಯಿ ನಂಬರ್ ಹಾಕಿ ಅಂತ ಹುಡುಗರಿಗೆ ಬಿಟ್ಟಿದ್ದಳು. ನಾನು ಬಾಗಿಲಲ್ಲೇ ನಿಂತೆ. ಒಬ್ಬ ಹುಡುಗ ಅರವಿಂದ ಮಾಲಗತ್ತಿಯವರ 'ಗವರ್ನಮೆಂಟ್ ಬ್ರಾಹ್ಮಣ'ಕ್ಕೆ 350 ಅಂತ ಹಾಕಿದ್ದ. 350 ಅಂದ್ರೆ ಸಾರ್ವಜನಿಕ ಆಡಳಿತ. ಹೆಸರಿನಲ್ಲಿ ಗವರ್ನಮೆಂಟ್ ಇದೆಯಲ್ಲ! ಇನ್ನೊಬ್ಬಳು ಸಿದ್ಧಲಿಂಗಯ್ಯನವರ 'ಊರುಕೇರಿ'ಗೆ 307.72 ಹಾಕಿದ್ದಳು. ಅದು ಗ್ರಾಮ ಸಮುದಾಯಗಳ ನಂಬರು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ಹೆಸರು ನೋಡಿ ಜಾಗ ತೋರಿಸೋದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೆ ಎಂ.ಲಿಬ್. ಬೇಡ. ಒಳಗೆ ಏನಿದೆ ಅಂತ ಓದಿ ಆಮೇಲೆ ನಂಬರ್ ಹಾಕಿ" ಅಂದಳು.

ನಾನು ಸುತ್ತೋಲೆ ಹಿಡ್ಕೊಂಡು ಹಾಗೇ ನಿಂತಿದ್ದೆ.

ಆಮೇಲೆ ಚರ್ಚೆ ಶುರುವಾಯ್ತು. 'ಊರುಕೇರಿ' ಆತ್ಮಕಥೆ. ಬರೆದವರು ಕವಿ. ಹಾಗಾದ್ರೆ ಕನ್ನಡ ಸಾಹಿತ್ಯದ 894.814ರ ಕೆಳಗೆ ಇಡಬೇಕಾ? ಜೀವನ ಚರಿತ್ರೆಯ 920ರಲ್ಲಿ ಇಡಬೇಕಾ? ಅಥವಾ ಡ್ಯೂಯಿ ಪದ್ಧತಿಯಲ್ಲಿ ದಲಿತರು ಅಂತಲೇ ಕೊಟ್ಟಿರುವ 305.5688ರಲ್ಲಾ? ಒಂದೊಂದು ಉತ್ತರಕ್ಕೂ ಒಂದೊಂದು ಪರಿಣಾಮ ಇದೆ. ಸಾಹಿತ್ಯದಲ್ಲಿಟ್ಟರೆ ಕುವೆಂಪು, ಕಾರಂತರ ಕಪಾಟಿನಲ್ಲಿ ಅಕ್ಕಪಕ್ಕ ನಿಲ್ಲುತ್ತೆ, ಕಾದಂಬರಿ ಹುಡುಕಿ ಬಂದ ಯಾರ ಕೈಗಾದರೂ ಸಿಗುತ್ತೆ. 305.5688ರಲ್ಲಿಟ್ಟರೆ ಸಮಾಜಶಾಸ್ತ್ರದ ಮೂಲೆಗೆ ಹೋಗುತ್ತೆ. ಅಲ್ಲಿಗೆ ಬರೋದು "ದಲಿತರ ಸಮಸ್ಯೆಗಳು" ಅಂತ ಪ್ರಾಜೆಕ್ಟ್ ಬರೆಯುವ ಹುಡುಗರು ಮಾತ್ರ. ಅಂದ್ರೆ ನಮ್ಮ ಕವಿ ಕವಿಯಾಗಿ ಉಳಿಯಲ್ಲ, ಸಮಸ್ಯೆ ಆಗ್ತಾನೆ. ಬೆನ್ನಿಗೆ ಅಂಟಿಸಿದ ಚೀಟಿಯೊಂದು ಇಷ್ಟೆಲ್ಲ ಮಾಡುತ್ತೆ ಅಂತ ನನಗೆ ನಲವತ್ತು ದಾಟಿದ ಮೇಲೆ ಗೊತ್ತಾಯ್ತು. ಯಾರು ಎಲ್ಲಿ ನಿಲ್ಲಬೇಕು ಅಂತ ಯಾರೋ ತೀರ್ಮಾನ ಮಾಡೋದು ನಮಗೇನು ಹೊಸದಾ? ಅದು ಪುಸ್ತಕಕ್ಕೂ ಇದೆ ಅನ್ನೋದು ಹೊಸದು.

ಅವಳೇ ಹೇಳಿದ ಇನ್ನೊಂದು ಸಂಗತಿ. ಅಮೆರಿಕದ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಡೊರೊಥಿ ಪೋರ್ಟರ್ ಅಂತ ಕಪ್ಪು ಹೆಣ್ಣುಮಗಳೊಬ್ಬರು 1930ರಲ್ಲಿ ಲೈಬ್ರರಿಯ ಒಂದು ಸಂಗ್ರಹದ ಹೊಣೆ ಹೊತ್ತರು. ಆಗ ಅಲ್ಲಿನ ಲೈಬ್ರರಿಗಳಲ್ಲಿ ಕಪ್ಪು ಜನ ಬರೆದದ್ದು ಏನೇ ಇರಲಿ, ಕವಿತೆಯಾಗಲಿ ಚರಿತ್ರೆಯಾಗಲಿ, ಎರಡೇ ನಂಬರು: 326 ಇಲ್ಲ 325. ಒಂದು ಗುಲಾಮಗಿರಿ, ಇನ್ನೊಂದು ವಸಾಹತು. ಪೋರ್ಟರ್ ಅದನ್ನು ಒಪ್ಪಲಿಲ್ಲ. ಕವಿತೆಯನ್ನು ಕವಿತೆಯ ಜಾಗಕ್ಕೆ, ಸಂಗೀತವನ್ನು ಸಂಗೀತದ ಜಾಗಕ್ಕೆ ಹಾಕ್ತಾ ಹೋದರು. 1973ರವರೆಗೆ ಅದೇ ಕೆಲಸ. ಘೋಷಣೆ ಕೂಗಲಿಲ್ಲ, ಮೆರವಣಿಗೆ ಹೋಗಲಿಲ್ಲ. ನಂಬರ್ ಬದಲಾಯಿಸಿದರು. (ಮೆರವಣಿಗೆ ಬೇಡ ಅಂತ ಹೇಳ್ತಿಲ್ಲಪ್ಪ, ಮತ್ತೆ ಅದನ್ನೇ ಹಿಡ್ಕೊಂಡು ಕಾಮೆಂಟ್ ಮಾಡಬೇಡಿ.)

ತೀರಾ ಈಚಿನದೂ ಇದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪಟ್ಟಿಯಲ್ಲಿ ದಾಖಲೆ ಇಲ್ಲದ ವಲಸಿಗರಿಗೆ 'ಇಲ್ಲೀಗಲ್ ಏಲಿಯನ್ಸ್' ಅಂತ ವಿಷಯ ಶೀರ್ಷಿಕೆ ಇತ್ತು. ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು 2014ರಲ್ಲಿ ಈ ಪದ ತೆಗೀರಿ ಅಂತ ಕೇಳಿದರು. ಲೈಬ್ರರಿ ಒಪ್ಪಿತು. ಆದರೆ ರಾಜಕಾರಣಿಗಳು ಸಂಸತ್ತಿನಲ್ಲೇ ಅಡ್ಡ ನಿಂತರು. ಕೊನೆಗೆ ಬದಲಾದದ್ದು 2021ರಲ್ಲಿ. ಒಂದು ಕ್ಯಾಟಲಾಗಿನ ಪದಕ್ಕೆ ಏಳು ವರ್ಷದ ಜಗಳ! ಅದೇ ಪಟ್ಟಿಯಲ್ಲಿ ನಮಗೂ 'ಅನ್‌ಟಚಬಲ್ಸ್' ಅಂತಲೇ ಇತ್ತು. ಈಗ 'ದಲಿತ್ಸ್' ಅಂತ ಇದೆ.

ಇನ್ನು ಈ ಡ್ಯೂಯಿ ಯಾರು? ಮೆಲ್ವಿಲ್ ಡ್ಯೂಯಿ. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ 1887ರಲ್ಲಿ ಲೈಬ್ರರಿ ಕೆಲಸ ಕಲಿಸುವ ಮೊದಲ ಶಾಲೆ ತೆರೆದವನು. ಮೊದಲ ತರಗತಿಯ 20 ಜನರಲ್ಲಿ 17 ಜನ ಹೆಣ್ಣುಮಕ್ಕಳು. ಆಡಳಿತದವರಿಗೆ ಇದು ಇಷ್ಟವಿರಲಿಲ್ಲ, ಪಾಠಕ್ಕೆ ಕೋಣೆಯನ್ನೂ ಕೊಡಲಿಲ್ಲ. ಹೆಣ್ಣುಮಕ್ಕಳಿಗೆ ಬಾಗಿಲು ತೆಗೆದ ಇದೇ ಮನುಷ್ಯ ತಾನು ನಡೆಸುತ್ತಿದ್ದ ಲೇಕ್ ಪ್ಲಾಸಿಡ್ ಕ್ಲಬ್ಬಿಗೆ ಯಹೂದಿಗಳನ್ನು ಸೇರಿಸುತ್ತಿರಲಿಲ್ಲ. ಅದರಿಂದಲೇ 1905ರಲ್ಲಿ ಛೀಮಾರಿ ಆಗಿ ನ್ಯೂಯಾರ್ಕ್ ರಾಜ್ಯದ ಗ್ರಂಥಪಾಲಕನ ಹುದ್ದೆ ಬಿಡಬೇಕಾಯಿತು. ಹೆಣ್ಣುಮಕ್ಕಳ ಜೊತೆ ಅವನ ನಡವಳಿಕೆಯೂ ಸರಿ ಇರಲಿಲ್ಲ. 2019ರಲ್ಲಿ ಅಮೆರಿಕದ ಗ್ರಂಥಾಲಯ ಸಂಘ ತನ್ನ ದೊಡ್ಡ ಪದಕವೊಂದರಿಂದ ಅವನ ಹೆಸರನ್ನೇ ತೆಗೆಯಿತು. ಅವನ ಪದ್ಧತಿಯಲ್ಲಿ ಧರ್ಮಕ್ಕೆ 200ರಿಂದ 299. ಅದರಲ್ಲಿ ಬಹುಪಾಲು ಕ್ರೈಸ್ತ ಧರ್ಮಕ್ಕೆ, ಜಗತ್ತಿನ ಉಳಿದ ಧರ್ಮಗಳಿಗೆಲ್ಲ ಸೇರಿ 290. ಬುದ್ಧನೂ ಅಲ್ಲೇ, ಪಾಯಿಂಟ್ ಹಾಕಿ 294.3.

ಈ ವಿದ್ಯೆ ನಮ್ಮ ದೇಶಕ್ಕೆ ಬಂದ ದಾರಿ ಕೇಳಿ. ಬರೋಡದ ಸಯಾಜಿರಾವ್ ಗಾಯಕವಾಡರು 1910ರಲ್ಲಿ ವಿಲಿಯಂ ಬೋರ್ಡನ್ ಎಂಬ ಅಮೆರಿಕನ್ನನನ್ನು ಕರೆಸಿದರು. 1911ರಲ್ಲಿ ಅಲ್ಲಿ ಗ್ರಂಥಾಲಯ ತರಬೇತಿ ತರಗತಿ ಶುರುವಾಯಿತು. ಎರಡು ವರ್ಷ ಆದಮೇಲೆ, 1913ರಲ್ಲಿ, ಅದೇ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಬಾಬಾಸಾಹೇಬರು ಹೊರಟದ್ದು ಎಲ್ಲಿಗೆ? ಅದೇ ಕೊಲಂಬಿಯಾಕ್ಕೆ. ಬರೋಡಕ್ಕೆ ವಾಪಸ್ ಬಂದಾಗ ಅವರಿಗೆ ಇರೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಿಂದ ಓಡಿಸಿದ್ದನ್ನು ಅವರೇ ಬರೆದಿದ್ದಾರೆ. ಊರೂರಿಗೆ ಲೈಬ್ರರಿ ತೆರೆಯಲು ಹೊರಟಿದ್ದ ಸಂಸ್ಥಾನದಲ್ಲಿ, ಅಷ್ಟು ಓದಿ ಬಂದವರಿಗೆ ತಲೆ ಮೇಲೊಂದು ಸೂರಿಲ್ಲ. ಮುಂದೆ ಮುಂಬಯಿಯ ದಾದರ್‌ನಲ್ಲಿ ಮನೆ ಕಟ್ಟಿಸಿದಾಗ ಅವರು ಪುಸ್ತಕಕ್ಕೇ ಜಾಗ ಮಾಡಿಸಿದರು. ರಾಜಗೃಹಕ್ಕೆ ಹೋಗಿ ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಸೆಲ್ಫಿ ಹಾಕ್ತೀವಿ. ಅಷ್ಟೊಂದು ಪುಸ್ತಕದಲ್ಲಿ ಬೇಕಾದ ಒಂದನ್ನು ಹೇಗೆ ಹುಡುಕ್ತಿದ್ದರು ಅಂತ ನಮ್ಮಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಇರಲಿ, ನಮ್ಮ ಕಾಲೇಜಿಗೆ ಬರ್ತೀನಿ.

ಅತಿಥಿ ಉಪನ್ಯಾಸಕರ ಕಥೆ ಬಹಳ ಜನಕ್ಕೆ ಗೊತ್ತು. 2021ರ ಕೊನೆಯಲ್ಲಿ ತರಗತಿ ಬಹಿಷ್ಕರಿಸಿ ಚಳಿಯಲ್ಲಿ ಕೂತವರು ಅವರು. ಅಲ್ಲಿಯವರೆಗೆ ತಿಂಗಳಿಗೆ 11 ಸಾವಿರ, ನೆಟ್ ಇದ್ದರೆ 13 ಸಾವಿರ. 2022ರ ಜನವರಿಯಲ್ಲಿ ಗರಿಷ್ಠ 32 ಸಾವಿರದವರೆಗೆ ಏರಿಸಿದರು. ಗೌರವಧನ ಅಂತಾರೆ. ಬಿಲ್ ಮಾಡೋನು ನಾನು, ಅದರಲ್ಲಿ ಗೌರವ ಎಷ್ಟು ಧನ ಎಷ್ಟು ಅಂತ ನನ್ನನ್ನು ಕೇಳಿ. ಯಾವ ತಿಂಗಳು ಬರುತ್ತೆ ಅಂತ ಯಾರೂ ಹೇಳೋಕಾಗಲ್ಲ. ರಜೆಯ ತಿಂಗಳಿಗೆ ಕಾಸಿಲ್ಲ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗ್, ಹೊಸದಾಗಿ ಭಯ.

ಲೈಬ್ರರಿ ಸೈನ್ಸ್‌ನವರಿಗೆ ಇದರ ಮೇಲೆ ಇನ್ನೊಂದಿದೆ. ಇತಿಹಾಸದ ಮೇಷ್ಟ್ರಿಗೆ ಹೋಗಿ ಕೋಟೆ ಕಟ್ಟು ಅಂತ ಯಾರೂ ಹೇಳಲ್ಲ. ಇವಳಿಗೆ ಹೇಳಿದರು. ಕಾಲೇಜಿನ ಗ್ರಂಥಪಾಲಕರು ನಿವೃತ್ತರಾಗಿ ವರ್ಷಗಳಾಗಿತ್ತು, ಹುದ್ದೆ ಖಾಲಿ. "ನಿಮ್ಮದು ಲೈಬ್ರರಿ ಸೈನ್ಸ್ ತಾನೆ ಮೇಡಂ, ಲೈಬ್ರರೀನೂ ನೋಡ್ಕೊಂಡುಬಿಡಿ" ಅಂದರು. ಬಾಯಿ ಮಾತಿನ ಆದೇಶ. ಕಾಗದ ಇಲ್ಲ. ಕಾಗದ ಮಾಡಿದ್ರೆ ಕಾರ್ಯಭಾರಕ್ಕೆ ಸೇರಿಸಬೇಕಲ್ಲ! ಬೆಳಿಗ್ಗೆ ಪಾಠ, ಮಧ್ಯಾಹ್ನ ಕೌಂಟರು, ಸಂಜೆ ಲೆಡ್ಜರು. ನ್ಯಾಕ್ ತಂಡ ಬರೋ ವರ್ಷವಂತೂ ಕೇಳಬೇಡಿ. ನ್ಯಾಕ್‌ನ ನಾಲ್ಕನೇ ಮಾನದಂಡದಲ್ಲಿ ಲೈಬ್ರರಿಗೇ ಬೇರೆ ಅಂಕ ಇತ್ತು. ಕಂಪ್ಯೂಟರಿನಲ್ಲಿ ಪುಸ್ತಕ ದಾಖಲಾಗಿರಬೇಕು, ಬಾರ್‌ಕೋಡ್ ಇರಬೇಕು. ಎನ್‌ಐಸಿಯವರ ಇ-ಗ್ರಂಥಾಲಯ ತಂತ್ರಾಂಶ ಹಾಕಿಕೊಂಡು, ತನ್ನ ವಿದ್ಯಾರ್ಥಿಗಳನ್ನೇ ಕೂರಿಸಿಕೊಂಡು, ಎಂಟು ಸಾವಿರ ಚಿಲ್ಲರೆ ಪುಸ್ತಕವನ್ನು ಒಂದೊಂದಾಗಿ ಏರಿಸಿದಳು. ರಾತ್ರಿ ಎಂಟು ಗಂಟೆಯ ಬಸ್ಸು ತಪ್ಪಿ ಎಷ್ಟೋ ದಿನ ನನ್ನ ಬೈಕಿನಲ್ಲೇ ಮನೆಗೆ ಬಿಟ್ಟಿದ್ದೀನಿ. ತಂಡ ಬಂದು ಹೊಗಳಿ ಹೋಯಿತು. ಗ್ರೂಪ್ ಫೋಟೋದಲ್ಲಿ ಅವಳಿಲ್ಲ. ಫೋಟೋ ತೆಗೆಯೋ ಹೊತ್ತಿಗೆ ಕೌಂಟರಿನಲ್ಲಿ ಯಾರೂ ಇಲ್ಲದಿದ್ರೆ ಹೇಗೆ ಅಂತ ಅವಳನ್ನು ಅಲ್ಲೇ ಕೂರಿಸಿದ್ದರು.

ಈಗ ಬೀರುವಿನ ವಿಷಯ.

ಎಸ್‌ಸಿ/ಎಸ್‌ಟಿ ಬುಕ್ ಬ್ಯಾಂಕ್ ನಿಮಗೆಲ್ಲ ಗೊತ್ತು. ನಮ್ಮ ಮಕ್ಕಳಿಗಾಗಿಯೇ ಬಂದ ಹಣದಲ್ಲಿ ಕೊಂಡ ಪುಸ್ತಕ, ವರ್ಷಪೂರ್ತಿ ಇಟ್ಟುಕೊಂಡು ಓದಬಹುದು. ಯೋಜನೆ ಒಳ್ಳೇದು. ನಾನೇ ಎಷ್ಟೋ ಸಲ ಇದಕ್ಕಾಗಿ ಮನವಿ ಕೊಟ್ಟವನು. ನಮ್ಮ ಕಾಲೇಜಿನಲ್ಲಿ ಅದು ಇದ್ದದ್ದು ಲೈಬ್ರರಿಯ ಹಿಂದಿನ ಮೂಲೆಯಲ್ಲಿ, ಒಂದು ಹಸಿರು ಗಾಡ್ರೆಜ್ ಬೀರುವಿನಲ್ಲಿ. ಮೇಲೆ ಬಿಳಿ ಪೇಂಟಿನಲ್ಲಿ ದೊಡ್ಡದಾಗಿ "ಎಸ್‌ಸಿ/ಎಸ್‌ಟಿ" ಅಂತ. ಕೀ ಆಫೀಸಿನಲ್ಲಿ, ಸೂಪರಿಂಟೆಂಡೆಂಟ್ ಡ್ರಾಯರಿನಲ್ಲಿ. ಪುಸ್ತಕ ಬೇಕಾದ ಹುಡುಗ ಜಾತಿ ಪ್ರಮಾಣಪತ್ರದ ಜೆರಾಕ್ಸ್ ಹಿಡಿದು ಆಫೀಸಿಗೆ ಬರಬೇಕು, ಎಲ್ಲರೆದುರು ಕೀ ಕೇಳಬೇಕು, ಅಟೆಂಡರ್ ಜೊತೆ ಹೋಗಬೇಕು, ಎಲ್ಲರೆದುರು ಆ ಬೀರುವಿನ ಮುಂದೆ ನಿಲ್ಲಬೇಕು. ಎಷ್ಟು ಜನ ಬರ್ತಿದ್ದರು ಅಂತೀರಿ? ವರ್ಷಕ್ಕೆ ಹತ್ತು ಜನ ಬಂದರೆ ಹೆಚ್ಚು. ಒಂದು ದಿನ ಬಾಗಿಲು ತೆಗೆದಾಗ ಹಳೇ ಪುಸ್ತಕದ ವಾಸನೆ ಬರಲಿಲ್ಲ, ಹೊಸ ಪುಸ್ತಕದ ವಾಸನೆ ಬಂತು. ಐದು ವರ್ಷದ ಹಿಂದೆ ಕೊಂಡ ಪುಸ್ತಕಗಳು!

ಇದರ ಎದುರು ಕೂತೇ ಅವಳು ಹುಡುಗರಿಗೆ ರಂಗನಾಥನ್ ಪಾಠ ಮಾಡ್ತಿದ್ದಳು. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಬೆಂಗಳೂರಿನಲ್ಲಿ 1962ರಲ್ಲಿ ಡಿಆರ್‌ಟಿಸಿ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. 1931ರಲ್ಲಿ ಅವರು ಬರೆದ ಐದು ಸೂತ್ರಗಳನ್ನು ಎಂ.ಲಿಬ್.ನವರು ನಿದ್ದೆಯಲ್ಲೂ ಹೇಳ್ತಾರೆ. ಮೊದಲನೆಯದು: ಪುಸ್ತಕ ಇರೋದು ಬಳಸೋಕೆ. ಎರಡನೆಯದು: ಪ್ರತಿ ಓದುಗನಿಗೂ ಅವನ ಪುಸ್ತಕ. ಯುರೋಪಿನ ಮಠಗಳಲ್ಲಿ ಒಂದು ಕಾಲಕ್ಕೆ ಪುಸ್ತಕಗಳನ್ನು ಸರಪಳಿಯಲ್ಲಿ ಕಟ್ಟಿಡ್ತಿದ್ದರಂತೆ, ಕಾಪಾಡೋದೇ ಮುಖ್ಯ ಅಂತ. ಪಾಠ ಕೇಳ್ತಿದ್ದ ನಮ್ಮ ಹುಡುಗನೊಬ್ಬ ತಿರುಗಿ ಆ ಹಸಿರು ಬೀರು ನೋಡಿದನಂತೆ. ಅಷ್ಟೇ. ಏನೂ ಮಾತಾಡಲಿಲ್ಲವಂತೆ.

ಅವಳು ಮರುವಾರ ಕೀ ಕೇಳಿದಳು. ಪುಸ್ತಕಗಳನ್ನು ಹೊರಗೆ ತಂದು ಬೇರೆ ಪುಸ್ತಕಗಳ ಜೊತೆ ವಿಷಯವಾರು ಕಪಾಟಿನಲ್ಲಿ ಜೋಡಿಸಿದಳು. ಒಳಪುಟದಲ್ಲಿ ಬುಕ್ ಬ್ಯಾಂಕ್ ಮೊಹರು ಹಾಗೇ ಇದೆ, ರಿಜಿಸ್ಟರಿನಲ್ಲಿ ಲೆಕ್ಕ ಬೇರೆಯೇ ಇದೆ, ಕಂಪ್ಯೂಟರಿನಲ್ಲಿ ಆ ಪುಸ್ತಕ ಎಸ್‌ಸಿ/ಎಸ್‌ಟಿ ವಿದ್ಯಾರ್ಥಿಗೆ ಮಾತ್ರ ವರ್ಷದ ಅವಧಿಗೆ ಎರವಲು ಹೋಗುವಂತೆ ವ್ಯವಸ್ಥೆ ಮಾಡಿದ್ದಳು. ಕೌಂಟರಿಗೆ ತಂದು ಕೊಟ್ಟರೆ ಆಯಿತು, ಯಾರು ಯಾವ ಯೋಜನೆಯಲ್ಲಿ ತಗೊಂಡರು ಅಂತ ಪಕ್ಕದವನಿಗೆ ಗೊತ್ತೇ ಆಗಲ್ಲ. "ಲೆಕ್ಕ ಬೇರೆ ಇರಲಿ ಅಣ್ಣ, ಬೀರು ಯಾಕೆ ಬೇರೆ ಇರಬೇಕು?" ಅಂದಳು.

ನಮ್ಮ ಸಂಘದಲ್ಲೇ ಇದಕ್ಕೆ ವಿರೋಧ ಬಂತು, ಹೇಳಿಬಿಡ್ತೀನಿ. "ನಮ್ಮ ದುಡ್ಡಿನ ಪುಸ್ತಕ ಅವರ ಜೊತೆ ಬೆರೆಸಿಬಿಟ್ರೆ ನಾಳೆ ಅವರೇ ಹೊಡ್ಕೊಂಡು ಹೋಗ್ತಾರೆ. ಬೀರು ಇದ್ದರೆ ಕಣ್ಣಿಗೆ ಕಾಣುತ್ತೆ, ಕೇಳಬಹುದು." ಈ ಮಾತನ್ನು ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. ನಮ್ಮ ಹಣ ಬೇರೆ ಕಡೆ ಹರಿದುಹೋಗೋದನ್ನು ನಾವು ನೋಡಿಲ್ವಾ? ಆದರೆ ಆ ವರ್ಷ ಎಷ್ಟು ಪುಸ್ತಕ ಹೊರಗೆ ಹೋದವು ಅಂತ ನಾನೇ ರಿಜಿಸ್ಟರ್ ನೋಡಿದೆ. ಹತ್ತು ಜನ ಬರ್ತಿದ್ದ ಕಡೆ ಅರವತ್ತು ದಾಟಿತ್ತು. ಹೆಣ್ಣುಮಕ್ಕಳೇ ಹೆಚ್ಚು. ಕಳೆದದ್ದು ಎರಡು ಪುಸ್ತಕ. ನನ್ನ ಅನುಮಾನ ಅಲ್ಲಿಗೆ ತೀರಿತು.

ಆಫೀಸಿನದ್ದು ತೀರಲಿಲ್ಲ. ಆಡಿಟ್ ಬರೋದಿತ್ತು. ಯೋಜನೆಯ ದಾಸ್ತಾನು ಪ್ರತ್ಯೇಕ ತೋರಿಸಬೇಕು, ಕಳೆದುಹೋದರೆ ಯಾರ ಸಂಬಳದಲ್ಲಿ ಹಿಡಿಯೋದು ಅಂತ ಭಯ. ಹಾಗೆ ನೋಡಿದರೆ ಮೇಲಿನವರು ದುಷ್ಟರೇನಲ್ಲ, ಹೆದರಿದವರು. ನಮ್ಮ ಸರ್ಕಾರಿ ಲೈಬ್ರರಿಗಳಲ್ಲಿ ಪುಸ್ತಕ ಓದದೇ ಇದ್ದರೆ ಯಾರಿಗೂ ನೋಟಿಸ್ ಇಲ್ಲ, ಓದೋಕೆ ಹೋಗಿ ಕಳೆದರೆ ನೋಟಿಸ್ ಇದೆ. ಅವಳಿಗೆ ನೋಟಿಸ್ ಬಂತು: ಅನುಮತಿ ಇಲ್ಲದೆ ದಾಸ್ತಾನು ಸ್ಥಳಾಂತರಿಸಿದ್ದಕ್ಕೆ ಕಾರಣ ಕೇಳಿ. ಲೈಬ್ರರಿಯ ಜವಾಬ್ದಾರಿಯನ್ನು ಕಾಗದದಲ್ಲಿ ಕೊಡದವರು ನೋಟಿಸನ್ನು ಕಾಗದದಲ್ಲೇ ಕೊಟ್ಟರು. ಟೈಪ್ ಮಾಡಿದ್ದು ನಾನು. ನುಡಿಯಲ್ಲಿ, ಎರಡು ಪ್ಯಾರಾ. ಕಾಗುಣಿತದ ತಪ್ಪೂ ಇಲ್ಲದ ಹಾಗೆ ಟೈಪ್ ಮಾಡಿ, ಪ್ರಿಂಟ್ ತೆಗೆದು, ನಾನೇ ಅವಳ ಕೈಗೆ ಕೊಟ್ಟು, ಸ್ವೀಕೃತಿಗೆ ಸಹಿ ಹಾಕಿಸಿಕೊಂಡೆ. "ಸಹಿ ಎಲ್ಲಿ ಹಾಕ್ಲಿ ಸರ್?" ಅಂತ ಕೇಳಿದಳು. ಅಣ್ಣ ಅನ್ನಲಿಲ್ಲ. ಕಾಲೇಜಿನ ಒಳಗಲ್ವಾ.

ಮುಂದಿನ ವರ್ಷ "ಕಾರ್ಯಭಾರ ಕಡಿಮೆಯಾಗಿದೆ" ಅಂತ ಅವಳ ಹೆಸರು ಹೋಗಲಿಲ್ಲ. ಆ ಪತ್ರಾನೂ ನನ್ನ ಕಂಪ್ಯೂಟರಿನಲ್ಲೇ ಇದೆ. ಬೀರು ಮತ್ತೆ ತುಂಬಿತು. ಕೀ ಮತ್ತೆ ಡ್ರಾಯರಿಗೆ ಬಂತು.

ಇದನ್ನೆಲ್ಲ ಯಾಕೆ ಬರೀತಿದ್ದೀನಿ ಅಂದ್ರೆ, 13 ಪಾಯಿಂಟ್ ರೋಸ್ಟರ್ ಗಲಾಟೆ ನೆನಪಿದೆಯಲ್ಲ? 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಮೀಸಲಾತಿ ಲೆಕ್ಕಕ್ಕೆ ಇಡೀ ವಿಶ್ವವಿದ್ಯಾಲಯ ಅಲ್ಲ, ಒಂದೊಂದು ವಿಭಾಗವೂ ಬೇರೆ ಬೇರೆ ಘಟಕ ಅಂದಿತು. 2018ರ ಮಾರ್ಚ್‌ನಲ್ಲಿ ಯುಜಿಸಿ ಸುತ್ತೋಲೆ ಬಂತು. ಆ ಲೆಕ್ಕದಲ್ಲಿ ನಾಲ್ಕನೇ ಹುದ್ದೆ ಹಿಂದುಳಿದವರಿಗೆ, ಏಳನೆಯದು ನಮಗೆ, ಹದಿನಾಲ್ಕನೆಯದು ಪರಿಶಿಷ್ಟ ಪಂಗಡಕ್ಕೆ. ಆಗ ನಾವೆಲ್ಲ ಬೀದಿಗಿಳಿದಿದ್ದೆವು. 2019ರ ಮಾರ್ಚ್ 5ರಂದು ಭಾರತ್ ಬಂದ್ ಆಯಿತು, ಅದೇ ವಾರ ಸುಗ್ರೀವಾಜ್ಞೆ ಬಂತು, ಆಮೇಲೆ ಕೇಂದ್ರದ ಸಂಸ್ಥೆಗಳಿಗೆ ಕಾಯ್ದೆಯೇ ಆಯಿತು. ಭಾಷಣ ಮಾಡುವಾಗ ನಾವು ಇತಿಹಾಸ ವಿಭಾಗ, ಅರ್ಥಶಾಸ್ತ್ರ ವಿಭಾಗ ಅಂತ ಉದಾಹರಣೆ ಕೊಡ್ತಿದ್ದೆವು. ನಿಜವಾದ ಉದಾಹರಣೆ ಲೈಬ್ರರಿ ಸೈನ್ಸ್. ನಾನು ನೋಡಿದ ಕಡೆಯೆಲ್ಲ ಪುಟ್ಟ ವಿಭಾಗ. ಎರಡು, ಮೂರು, ಹೆಚ್ಚೆಂದರೆ ನಾಲ್ಕು ಹುದ್ದೆ. ಅಲ್ಲಿ ಏಳನೆಯ ಕುರ್ಚಿ ಬರೋದು ಯಾವ ಜನ್ಮಕ್ಕೆ? ಸರಿ, ಆ ಹೋರಾಟ ಗೆದ್ದೆವು. ಆದರೆ ಅತಿಥಿಗಳನ್ನು ತೆಗೆದುಕೊಳ್ಳುವಾಗ ಏಳನೆಯದೂ ಇಲ್ಲ, ಹದಿನಾಲ್ಕನೆಯದೂ ಇಲ್ಲ. ನಮ್ಮ ಕಾಲೇಜಿನ ಕಡತದಲ್ಲಂತೂ ರೋಸ್ಟರ್ ಅನ್ನುವ ಹಾಳೆಯನ್ನೇ ನಾನು ನೋಡಿಲ್ಲ. ಖಾಯಂ ಹುದ್ದೆ ಖಾಲಿ ಬಿಟ್ಟು ಅತಿಥಿಗಳಿಂದ ನಡೆಸಿದರೆ ಮೀಸಲಾತಿ ತೆಗೆಯೋಕೆ ಕಾನೂನು ಬದಲಿಸಬೇಕಾಗಿಲ್ಲ.

ಇದಕ್ಕೆ ನಾವು ಒಂದು ಮನವಿಯನ್ನೂ ಕೊಟ್ಟಿಲ್ಲ. ಯಾಕೆ? ನಮಗೂ ಅದು ಧೂಳು ಹೊಡೆಯೋ ಕೆಲಸ. ಹಾಸ್ಟೆಲ್ಲಿಗೆ ಹೋಗ್ತೀವಿ, ಅನ್ನ ಸಾರು ನೋಡ್ತೀವಿ, ವಾರ್ಡನ್‌ಗೆ ಬೈತೀವಿ. ಲೈಬ್ರರಿಗೆ ಹೋಗಿ ಪಾಠ ಹೇಳೋರು ಯಾರು, ಖಾಯಮ್ಮಾ, ಅತಿಥಿಯಾ, ಅಂತ ಕೇಳೋದಿಲ್ಲ. ರಾಜ್ಯದಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅರಿವು ಕೇಂದ್ರ ಅಂತ ಹೆಸರು. ಮನೆ ಕಂದಾಯದಲ್ಲಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಕಟ್ತೀವಿ. ಅಲ್ಲಿ ಕೂರುವವರಿಗೆ, ಪುಸ್ತಕ ಆರಿಸುವವರಿಗೆ, ಕೇರಿಯ ಮಗು ಬಂದರೆ ಒಳಗೆ ಕರೆಯುವವರಿಗೆ ಪಾಠ ಮಾಡಬೇಕಾದವರು ಇವರು.

ನಾನು ಬಿಎ ಓದುವಾಗ ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಒಂದು ಕಿಂಡಿ ಇತ್ತು. ಚೀಟಿ ಬರೆದು ಒಳಗೆ ಕೊಡಬೇಕು. ಹೆಸರು, ತರಗತಿ, ವಿಳಾಸ. ವಿಳಾಸದಲ್ಲಿ ನಾನು ಹಾಸ್ಟೆಲ್ ಹೆಸರು ಬರೀತಿದ್ದೆ. ಸರ್ಕಾರವೇ ಅಚ್ಚು ಹಾಕಿಸಿದ ಬಾಬಾಸಾಹೇಬರ ಕನ್ನಡ ಸಂಪುಟ ಕೇಳಿ ಮೂರು ಸಲ ಚೀಟಿ ಕೊಟ್ಟೆ. ಮೂರು ಸಲವೂ "ಇಲ್ಲ" ಅಂತ ಚೀಟಿ ವಾಪಸ್ ಬಂತು. ಪುಸ್ತಕ ನಿಜವಾಗಲೂ ಇರಲಿಲ್ವೋ, ಹುಡುಕಲಿಲ್ವೋ, ಈವತ್ತಿಗೂ ಗೊತ್ತಿಲ್ಲ. ಕಿಂಡಿಯ ಆಚೆ ಏನಿದೆ ಅಂತ ನಾನು ನೋಡಲೇ ಇಲ್ಲ. ಇಂಥ ಮನುಷ್ಯ ಆ ಹುಡುಗಿಗೆ ಹೇಳಿದ್ದು, ಇದು ಓದೋ ವಿಷಯ ಅಲ್ಲ ಅಂತ!

ಕೊನೆಯದಾಗಿ ನಮ್ಮ ಸಂಘದ ಆಫೀಸಿನ ಕಥೆಯನ್ನೂ ಹೇಳಿಬಿಡ್ತೀನಿ. ಕೆಲಸ ಹೋದ ಮೇಲೆ ಒಂದು ಭಾನುವಾರ ಅವಳು ಬಂದಳು. ನಮ್ಮ ಪುಸ್ತಕಗಳನ್ನು ಜೋಡಿಸಿಕೊಡು ಅಂತ ನಾವೇ ಕರೆದಿದ್ದೆವು. ಟೀ ಕೊಟ್ಟೆವು, ನಮ್ಮದೊಂದು ಫೋಟೋನೂ ಅವಳ ಕೈಲೇ ತೆಗೆಸಿಕೊಂಡೆವು. ಮಧ್ಯಾಹ್ನದ ಹೊತ್ತಿಗೆ ಒಳಗಿಂದ ಕೂಗಿದಳು. ಮೂಲೆಯಲ್ಲಿ ಗೋಣಿದಾರದಲ್ಲಿ ಕಟ್ಟಿದ ಒಂದು ಕಂತೆ. ಮೇಲೆ ರಟ್ಟು ಹಾಕಿ ನಾವು ಅದನ್ನು ಸ್ಟೂಲ್ ಮಾಡಿಕೊಂಡಿದ್ದೆವು. ನಾನೇ ಎಷ್ಟು ಸಲ ಅದರ ಮೇಲೆ ಕೂತಿದ್ದೀನೋ. ಬಿಚ್ಚಿದರೆ 'ಪಂಚಮ' ಪತ್ರಿಕೆಯ ಹಳೆ ಸಂಚಿಕೆಗಳು, ಕರಪತ್ರಗಳು, 1973ರ ಬೂಸಾ ಗಲಾಟೆಯ ನಂತರದ ವರ್ಷಗಳ ಸಭೆಯ ನೋಟಿಸುಗಳು, ಕೈಬರಹದ ಹಾಡಿನ ಹಾಳೆಗಳು. ಕೆಳಗಿನ ನಾಲ್ಕು ಬೆರಳಿನಷ್ಟು ಗೆದ್ದಲು ತಿಂದು ಮಣ್ಣಾಗಿತ್ತು. ಅವಳು ಬೈಯಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಒಂದೊಂದೇ ಹಾಳೆ ಬಿಡಿಸಿ, ದಿನಾಂಕ ನೋಡಿ, ಹಳೇ ನೋಟ್‌ಬುಕ್ಕಿನಲ್ಲಿ ಕ್ರಮಸಂಖ್ಯೆ ಹಾಕೋಕೆ ಶುರು ಮಾಡಿದಳು. ಅವತ್ತು ಸಂಜೆ ಹೊತ್ತಿಗೆ 112ರವರೆಗೆ ಬಂದಿತ್ತು. ಉಳಿದದ್ದು ಇನ್ನೂ ಹಾಗೇ ಇದೆ.

ಮೊನ್ನೆ ಫೋನ್ ಮಾಡಿದ್ದಳು. ಬೇರೆ ಕಡೆ ಅರ್ಜಿ ಹಾಕ್ತಾಳಂತೆ, ಅನುಭವ ಪ್ರಮಾಣಪತ್ರ ಬೇಕು. ನಮ್ಮಲ್ಲಿ ಅದಕ್ಕೆ ಒಂದು ಸಿದ್ಧ ನಮೂನೆ ಇದೆ: ಇಂಥ ದಿನದಿಂದ ಇಂಥ ದಿನದವರೆಗೆ ಬೋಧನೆ ಮಾಡಿರುತ್ತಾರೆ, ನಡತೆ ತೃಪ್ತಿಕರ. ನಾಳೆ ನಾನು ಅದಕ್ಕೆ ಇನ್ನೊಂದು ಪ್ಯಾರಾ ಸೇರಿಸ್ತೀನಿ. ಲೈಬ್ರರಿ ನೋಡಿಕೊಂಡದ್ದು, ಎಂಟು ಸಾವಿರ ಪುಸ್ತಕ ಏರಿಸಿದ್ದು, ಬುಕ್ ಬ್ಯಾಂಕ್ ಎರವಲು ಹತ್ತರಿಂದ ಅರವತ್ತಕ್ಕೆ ಹೋದದ್ದು, ರಿಜಿಸ್ಟರಿನ ಪುಟಸಂಖ್ಯೆ ಸಮೇತ. ಸಹಿಗೆ ಹೋದಾಗ ಆ ಪ್ಯಾರಾ ಹೊಡೆದು ಹಾಕಬಹುದು. ಹೊಡೆದು ಹಾಕಿದ್ರೂ ಕರಡು ಪ್ರತಿ ಕಡತದಲ್ಲಿ ಉಳಿಯುತ್ತೆ. ಕಡತ ನನ್ನ ಮೇಜಿನದ್ದೇ.

ನಿಮ್ಮಲ್ಲಿ ಎರಡು ಕೇಳ್ತೀನಿ. ನಿಮ್ಮ ತಾಲ್ಲೂಕಿನ ಕಾಲೇಜಿಗೆ ಹೋಗಿ ಬುಕ್ ಬ್ಯಾಂಕ್ ಬೀರು ಎಲ್ಲಿದೆ, ಕೀ ಯಾರ ಹತ್ರ ಇದೆ, ಹೋದ ವರ್ಷ ಎಷ್ಟು ಜನ ಪುಸ್ತಕ ತಗೊಂಡರು ಅಂತ ಕೇಳಿ. ಗ್ರಂಥಪಾಲಕರ ಹುದ್ದೆ, ಲೈಬ್ರರಿ ಸೈನ್ಸ್ ಹುದ್ದೆ ಎಷ್ಟು ವರ್ಷದಿಂದ ಖಾಲಿ ಇದೆ ಅಂತಲೂ ಕೇಳಿ. ಬಾಯಲ್ಲಿ ಹೇಳದಿದ್ರೆ ಆರ್‌ಟಿಐ ಹಾಕಿ, ಹತ್ತು ರೂಪಾಯಿ ಅಷ್ಟೇ. ಸಿಕ್ಕಿದ್ದನ್ನು ನನಗೆ ಮೆಸೇಜ್ ಮಾಡಿ, ಒಟ್ಟು ಹಾಕಿ ಒಂದೇ ಮನವಿ ಮಾಡೋಣ.

ಇನ್ನೊಂದು, ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಆಫೀಸಿನಲ್ಲಿ ಉಳಿದ ಕಂತೆ ಬಿಡಿಸ್ತೀವಿ. ಅವಳೂ ಬರ್ತಾಳೆ. ಬರೋರು ಒಂದು ಮೆತ್ತನೆ ಹತ್ತಿ ಬಟ್ಟೆ, ಒಂದು ಪೆನ್ಸಿಲ್ ತನ್ನಿ. ಹಳೇ ಕಾಗದದ ಹತ್ರ ಪೆನ್ ತರಬಾರದಂತೆ, ಮೇಡಂ ಬೈತಾರೆ.